ಸ್ಟಾಕ್‌ಮನ್ ಮಶಾಕಸಾಬ ಗಡಿ ದಾಟಿದ್ದು

ಟಿಕೋಟಾ ಕಡೆಯಲ್ಲಿ ದನಗಳಿಗೆ ಸೂಜಿ ಹಾಕುವ ಸರಕಾರಿ ಸ್ಟಾಕ್‌ಮನ್ ಮಶಾಕಸಾಬನ ದಿನ ಬರ್ಫಕ್ಕಾಗಿ ಕಾಯುವುದರಿಂದ ಸುರುವಾಗುತ್ತಿತ್ತು. ವಿಜಾಪುರದಲ್ಲಿ ಮುಂಜಾನೆ ಕಡಿದ ಮಂಜಿನ ಗಡ್ಡೆಯನ್ನು ಕಟ್ಟಿಗೆಯ ಹೊಟ್ಟಿನಲ್ಲಿ ಹೂತು, ಗೋಣಿತಟ್ಟು ಸುತ್ತಿ, ಬಸ್ಸಿನ ನೆತ್ತಿಯ ಮೇಲೆ ಹಾಕಿ ಕಳಿಸುತ್ತಿದ್ದರು. ಬಸ್ಸು ಟಿಕೋಟಾ ಮುಟ್ಟುವಷ್ಟರಲ್ಲಿ ಗಡ್ಡೆಯ ಕಾಲುಭಾಗ ನೀರಾಗಿ ಹಿಂದಿನ ಕಿಟಕಿಗಳ ಮೇಲೆ ಇಳಿಯುತ್ತಿರುತ್ತಿತ್ತು. ಉಳಿದದ್ದನ್ನು ಒಡೆದು ಅಗಲ ಬಾಯಿಯ ಥರ್ಮಾಸಿನಲ್ಲಿ ತುಂಬಿ, ನಡುವೆ ಲಸಿಕೆಯ ಶೀಸೆಗಳನ್ನಿಟ್ಟು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅವನು ಹೊರಡುತ್ತಿದ್ದ. ಶೀಸೆ ಒಡೆದು ಔಷಧ ಕಲಸಿದ ಮೇಲೆ ಎರಡು ತಾಸು ಹೊತ್ತು. ಅಷ್ಟರೊಳಗೆ ಚುಚ್ಚಿದರೆ ಲಸಿಕೆ, ಇಲ್ಲವಾದರೆ ಬರೀ ನೀರು.

ಅದು ದೊಡ್ಡ ಬ್ಯಾನಿಯ ಲಸಿಕೆ. ದನದ ಬಾಯಿ ಹುಣ್ಣಾಗಿ, ಕಣ್ಣು ಸೋರಿ, ನೆತ್ತರ ಭೇದಿಯಾಗಿ ವಾರದೊಳಗೆ ಒಂದು ಓಣಿಯ ಕೊಟ್ಟಿಗೆಗಳೆಲ್ಲ ಬರಿದಾಗುವ ರೋಗ. ಮಶಾಕಸಾಬನ ತಂದೆ ಬುಡ್ಡೇಸಾಬ ಎತ್ತಿನ ವ್ಯಾಪಾರಿಯಾಗಿದ್ದ. ಜತ್ತದ ಸಂತೆಯಲ್ಲಿ ಎತ್ತು ಕೊಂಡು, ನಡೆಸಿಕೊಂಡೇ ಬಂದು ಟಿಕೋಟಾ, ಬಬಲೇಶ್ವರಗಳಲ್ಲಿ ಮಾರುವುದು ಅವನ ಕಸುಬು. ಮಗನಿಗೆ ಹತ್ತು ವರ್ಷವಿದ್ದಾಗ ಹಾಗೆ ತಂದ ಹದಿನಾಲ್ಕು ಎತ್ತುಗಳಲ್ಲಿ ಒಂದು ದಾರಿಯಲ್ಲೇ ಜೊಲ್ಲು ಸುರಿಸತೊಡಗಿತು. ಎಂಟು ದಿನದಲ್ಲಿ ಹದಿಮೂರು ಸತ್ತವು. ಊರಿನ ದನಗಳಿಗೂ ಬ್ಯಾನಿ ಅಂಟಿತು. ಬುಡ್ಡೇಸಾಬ ಮತ್ತೆ ಎತ್ತಿನ ಹಗ್ಗ ಹಿಡಿಯಲಿಲ್ಲ. ಮಗ ಪಶುವೈದ್ಯ ಖಾತೆ ಸೇರಿದ್ದಕ್ಕೆ ಇದೇ ಕಾರಣವೆಂದು ಊರವರು ಹೇಳುತ್ತಿದ್ದರು. ಮಶಾಕಸಾಬ ಮಾತ್ರ, "ನೌಕರಿ ಸಿಕ್ತು, ಸೇರಿದ್ನಿ" ಎಂದು ಅಷ್ಟಕ್ಕೇ ಮಾತು ಮುಗಿಸುತ್ತಿದ್ದ.

೧೯೭೪ರಲ್ಲಿ ಅವನಿಗೆ ಐವತ್ತು. ಟಿಕೋಟಾ, ಕಳ್ಳಕವಟಗಿ, ಬಬಲೇಶ್ವರ, ನಿಡೋಣಿ, ನಡುವಿನ ಸಣ್ಣ ಊರುಗಳು, ಇಷ್ಟಕ್ಕೂ ಅವನೊಬ್ಬನೇ. ಇಪ್ಪತ್ತೈದು ವರ್ಷ ದನದ ಚರ್ಮಕ್ಕೆ ಸೂಜಿ ನಾಟಿಸಿ ಬಲ ಭುಜ ಮೇಲೇರದಂತಾಗಿತ್ತು. ಅಂಗಿ ತೊಡುವಾಗ ಹೆಂಡತಿ ಸಬೀರಾ ತೋಳು ಹಿಡಿದು ಒಳಗೆ ಹಾಕಬೇಕು. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಹೋಗಿದ್ದರು. ಮನೆಯಲ್ಲಿ ಉಳಿದದ್ದು ಗಂಡ ಹೆಂಡತಿ, ಒಂದು ಎಮ್ಮೆ ಮತ್ತು ಮಣಕವಾಗಿ ಬೆಳೆದ ಅದರ ಹೆಣ್ಣುಗರು.

ಕಳ್ಳಕವಟಗಿಯಿಂದ ಪಶ್ಚಿಮಕ್ಕೆ ಕೆಲವು ಮೈಲು ಹೋದರೆ ಮಹಾರಾಷ್ಟ್ರ. ಗಡಿ ಅಂದರೆ ಒಂದು ಒಣ ಹಳ್ಳ, ಆಚೆ ದಂಡೆಯ ಮೇಲೆ ಸುಣ್ಣ ಬಳಿದ ಕಲ್ಲು. ಈ ಕಡೆಯವರ ಬೀಗರು ಆ ಕಡೆ, ಆ ಕಡೆಯವರ ಹೊಲ ಈ ಕಡೆ. ಜತ್ತದ ಸಂತೆಗೆ ಇಲ್ಲಿಯ ಎತ್ತು, ಎಮ್ಮೆ, ಲಿಂಬೆಕಾಯಿ ಹೋಗುತ್ತಿದ್ದವು; ಟಿಕೋಟಾದ ಸಂತೆಗೆ ಅಲ್ಲಿಯ ಬೆಣ್ಣೆ, ಕಂಬಳಿ, ಕುರಿ ಬರುತ್ತಿದ್ದವು. ಬರ ಕಳೆದು ಎಪ್ಪತ್ತಮೂರರಲ್ಲಿ ಮಳೆಯಾದ ನಂತರ ಎತ್ತಿನ ವ್ಯಾಪಾರ ಮತ್ತೆ ಚಿಗುರಿತ್ತು. ಅಷ್ಟರಲ್ಲಿ ಮರುವರ್ಷದ ಬೇಸಿಗೆಯಲ್ಲಿ ಗಡಿಯ ಎರಡು ಮೂರು ಊರುಗಳಲ್ಲಿ ದೊಡ್ಡ ಬ್ಯಾನಿ ಕಾಣಿಸಿತು. ಅದು ನಿಮ್ಮ ಕಡೆಯಿಂದ ಬಂತು ಎಂದು ಇವರು, ನಿಮ್ಮ ಕಡೆಯಿಂದ ಬಂತು ಎಂದು ಅವರು. ಎರಡೂ ಸರಕಾರಗಳು ನಾಕಾ ಹಾಕಿ, ಸೂಜಿ ಹಾಕಿಸಿದ ಸರ್ಟಿಫಿಕೇಟು ಇಲ್ಲದ ದನವನ್ನು ಬಿಡಕೂಡದೆಂದು ಹುಕುಂ ಮಾಡಿದವು. ಆದರೆ ಒಬ್ಬರ ಸರ್ಟಿಫಿಕೇಟನ್ನು ಇನ್ನೊಬ್ಬರು ಒಪ್ಪಬೇಕೆಂದು ಯಾರೂ ಬರೆದಿರಲಿಲ್ಲ.

ಒಂದು ದಿನ ಕಳ್ಳಕವಟಗಿಯ ಸಿದ್ದರಾಯ ಜೋಡೆತ್ತು ಹಿಡಿದುಕೊಂಡೇ ಟಿಕೋಟಾಕ್ಕೆ ಬಂದ. ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದ ಮಶಾಕಸಾಬನ ಮುಂದೆ ಮಡಚಿದ ಕಾಗದ ಇಟ್ಟ.

"ಇದೇನ್ ಬರದ ಕೊಟ್ಟೀರಿ ಮಶಾಕಸಾಬ್ರ? ನಾಕಾದಾಗಿನಾಂವ ಓದಲೂ ಇಲ್ಲ. ಕನ್ನಡ ಐತಿ ಅಂದ, ತಿರುಗಿ ಹೋಗು ಅಂದ."

"ಕೆಳಗ ಇಂಗ್ಲಿಷಿನಾಗೂ ಬರದೀನಲ್ಲ?"

"ತೋರಿಸಿದ್ನಿ. ನಿಮ್ಮ ಸ್ಟೇಟಿನ ಸಹಿ-ಸಿಕ್ಕಾ ನಮ್ಮ ಕಡೆ ನಡಿಯೂದಿಲ್ಲ ಅಂದ. ಹಂಗಾದ್ರ ಎತ್ತಿಗೆ ಚುಚ್ಚಿದ ಸೂಜಿರೇ ಆ ಕಡೆ ನಡೀತೈತೋ, ಅದೂ ಇಲ್ಲೋ?"

ಮಶಾಕಸಾಬನಿಗೆ ನಗು ಬರಲಿಲ್ಲ. ಮೇಲಿನವರಿಗೆ ಬರೆಯುತ್ತೇನೆ ಎಂದ. ಬರೆದ ಕೂಡ. ಆ ವರ್ಷ ಇಂಥ ಆರು ಕಾಗದ ಬರೆದಿದ್ದ. ಒಂದಕ್ಕೂ ಉತ್ತರ ಬಂದಿರಲಿಲ್ಲ. ಸಿದ್ದರಾಯ ಎತ್ತುಗಳಿಗೆ ನೀರು ಕುಡಿಸಿ, ಬಂದ ದಾರಿ ಹಿಡಿದು ಹೋದ. ಎರಡೂ ಎತ್ತು ದಣಿದಿದ್ದವು, ಹಿಡಿದವನೂ ದಣಿದಿದ್ದ.

ದೀಪಾವಳಿ ಕಳೆದ ಮೇಲೆ ಒಂದು ಸಭೆ ಗೊತ್ತಾಯಿತು. ಎರಡೂ ರಾಜ್ಯಗಳ ಪಶುವೈದ್ಯ ಖಾತೆಯ ಅಧಿಕಾರಿಗಳು ವಿಜಾಪುರದಲ್ಲಿ ಕೂಡಿ ಮಾತಾಡುವುದೆಂದು. ಗಡಿಯಲ್ಲಿ ಕೆಲಸ ಮಾಡುವ ಸ್ಟಾಕ್‌ಮನ್ನರೂ ಹಾಜರಿರಬೇಕೆಂದು ಮಶಾಕಸಾಬನಿಗೆ ಚೀಟಿ ಬಂತು. ಮುಂಜಾನೆಯ ಬಸ್ಸಿಗೇ ಹೋದ. ಒಳಗೆ ಸಾಹೇಬರು ಕೂತರು. ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಆ ಕಡೆಯಿಂದ ಬಂದ ಸ್ಟಾಕ್‌ಮನ್ ಬಾಪೂರಾವ ಕೂತಿದ್ದ. ಸಾತಾರೆ ಕಡೆಯವನು, ಮಶಾಕಸಾಬನಿಗಿಂತ ಹತ್ತು ವರ್ಷ ಸಣ್ಣವನು, ಉದ್ದ ಕೊರಳಿನ ಬಡಕಲು ಮನುಷ್ಯ. ಜತ್ತಕ್ಕೆ ಬಂದು ಮೂರು ವರ್ಷವಾಗಿದ್ದರೂ ಕನ್ನಡ ಹತ್ತಿರಲಿಲ್ಲ. ತಂದೆಯ ಜೊತೆ ಸಂತೆ ತಿರುಗಿದ ಮಶಾಕಸಾಬನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಇಬ್ಬರೂ ಆ ಭಾಷೆಯಲ್ಲೇ ಮಾತಿಗೆ ಕೂತರು.

"ಒಳಗ ಏನ್ ನಡದೈತಿ?" ಎಂದ ಬಾಪೂರಾವ.

"ಚಾ ನಡದೈತಿ."

"ನಿಮ್ಮ ಬರ್ಫ ಎಲ್ಲಿಂದ ಬರತೈತಿ?"

"ಇಲ್ಲಿಂದ. ನಿಮ್ಮದು?"

"ಮಿರಜದಿಂದ. ಮೂರು ಬಸ್ ಬದಲಾಗತೈತಿ. ಬರೂದ್ರಾಗ ಗೋಣಿ ಅಷ್ಟ ತಣ್ಣಗಿರತೈತಿ."

ಅಷ್ಟರಿಂದ ಅವರ ಸ್ನೇಹ ಕುದುರಿತು. ಮಧ್ಯಾಹ್ನದ ಹೊತ್ತಿಗೆ ಇಬ್ಬರನ್ನೂ ಒಳಗೆ ಕರೆದರು. ಗಡಿಯ ಎರಡೂ ಬದಿಗೆ ಐದೈದು ಮೈಲು ಪಟ್ಟಿ ಹಿಡಿದು, ಅದರೊಳಗಿನ ಪ್ರತಿ ಊರಿನ ಪ್ರತಿ ದನಕ್ಕೂ ಏಕಕಾಲಕ್ಕೆ ಲಸಿಕೆ ಹಾಕುವುದು. ಎರಡೂ ಕಡೆ ಒಂದೇ ಗುರುತು, ಎಡಗಿವಿಯಲ್ಲಿ ಮುಕ್ಕೋನದ ತೂತು. ಪಟ್ಟಿ ಪೂರ್ಣವಾಯಿತೆಂದು ಇಬ್ಬರು ಸ್ಟಾಕ್‌ಮನ್ನರೂ ಒಂದೇ ಕಾಗದದ ಮೇಲೆ ಸಹಿ ಮಾಡಿದ ದಿನದಿಂದ ದನದ ವ್ಯಾಪಾರ ತೆರೆಯುವುದು. ಆಮೇಲೆ ಒಬ್ಬರ ಸರ್ಟಿಫಿಕೇಟು ಇನ್ನೊಬ್ಬರಿಗೆ ನಡೆಯುವುದು. ಇಷ್ಟು ಗೊತ್ತಾಗಿತ್ತು. ಒಳ್ಳೆಯ ಮಾತೇ.

"ಎಷ್ಟು ದಿನ ಬೇಕು?" ಎಂದು ಈ ಕಡೆಯ ಸಾಹೇಬರು ಕೇಳಿದರು.

"ನಲವತ್ತು ದಿನ ಬೇಕ್ರಿ. ಅದೂ ಬರ್ಫ ದಿನಾ ಬಂದ್ರ," ಎಂದ ಮಶಾಕಸಾಬ.

"ಇಪ್ಪತ್ತೈದು ಅಂತ ಬರಕೋರಿ," ಎಂದು ಸಾಹೇಬರು ಗುಮಾಸ್ತನಿಗೆ ಹೇಳಿದರು.

ಕೆಲಸ ಡಿಸೆಂಬರಿನಲ್ಲಿ ಸುರುವಾಯಿತು. ಜೋಳ ಎದೆಯೆತ್ತರ ನಿಂತ ಕಾಲ, ದನಗಳು ಒಂದು ಕಡೆ ಸಿಗುತ್ತಿರಲಿಲ್ಲ. ಮಶಾಕಸಾಬ ಹಿಂದಿನ ದಿನ ಡಂಗುರ ಸಾರಿಸಿ, ಮರುದಿನ ಹೋಗಿ, ಬೇವಿನ ಗಿಡದ ಕೆಳಗೆ ಸ್ಟೋವು ಹಚ್ಚಿ ಸೂಜಿ ಕುದಿಸುತ್ತ ಕೂಡುತ್ತಿದ್ದ. ಹತ್ತು ಜನ ಬಂದರೆ ಐದು ಜನ ಬರುತ್ತಿರಲಿಲ್ಲ. ಸೂಜಿ ಚುಚ್ಚಿದ ಎತ್ತು ಎರಡು ಮೂರು ದಿನ ಮಂಕಾಗುತ್ತದೆ, ಎಮ್ಮೆ ಹಾಲು ಕಡಿಮೆ ಮಾಡುತ್ತದೆ. ಅದಕ್ಕೆ ದನವನ್ನು ಹೊಲದ ನಡುವೆ ಕಟ್ಟಿ, ಬೀಗರ ಊರಿಗೆ ಹೋಗಿದೆ ಎನ್ನುವರು. ಅವನು ಹೊಲಕ್ಕೇ ಹೋಗಿ ಹುಡುಕುವನು. ಒದೆಸಿಕೊಂಡ, ಹಾಯಿಸಿಕೊಂಡ, ಬೈಸಿಕೊಂಡ. ಬೈದವರೊಂದಿಗೆ ಜಗಳವಾಡುವ ತ್ರಾಣವನ್ನು ಉಳಿಸಿಕೊಂಡು ಅದರಿಂದ ಇನ್ನೆರಡು ದನಕ್ಕೆ ಚುಚ್ಚುತ್ತಿದ್ದ. ಸಂಜೆ ಮನೆಗೆ ಬಂದರೆ ಕೈತೊಳೆಯುವ ಮೊದಲೇ ಕಟ್ಟೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಸಬೀರಾ ಬಿಸಿನೀರು ತಂದು ಅವನ ಭುಜದ ಮೇಲೆ ಬಟ್ಟೆ ಅದ್ದಿ ಹಾಕುತ್ತ, "ನೀವೊಬ್ರ ಇರೂದೇನು ಈ ಸರಕಾರಕ್ಕ?" ಎನ್ನುತ್ತಿದ್ದಳು. ಅವನು, "ಆ ಕಡೆ ಬಾಪೂರಾವ ಒಬ್ಬ ಅದಾನ" ಎನ್ನುತ್ತಿದ್ದ.

ಇಪ್ಪತ್ತೈದು ದಿನದ ಕೆಲಸ ಮೂವತ್ತೆಂಟನೆಯ ದಿನಕ್ಕೆ ಈ ಕಡೆ ಮುಗಿಯಿತು. ಆ ಕಡೆಯಿಂದ ಸುದ್ದಿಯಿಲ್ಲ. ಸಿದ್ದರಾಯ ದಿನ ಬಿಟ್ಟು ದಿನ ಬಂದು ಕೇಳುತ್ತಿದ್ದ. ಟಿಕೋಟಾದ ದಲಾಲರೂ ಕೇಳುತ್ತಿದ್ದರು. ಮಶಾಕಸಾಬ ಸೈಕಲ್ ಹತ್ತಿ ಬಾಪೂರಾವನ ಮನೆಗೇ ಹೋದ. ಬಾಪೂರಾವ ಅಂಗಳದ ಬಿಸಿಲಲ್ಲಿ ಹೊರಸಿನ ಮೇಲೆ ಮಲಗಿದ್ದ. ಕಣ್ಣು ಅರಿಸಿನ ಹಚ್ಚಿದಂತೆ ಹಳದಿ. ಕಾಮಾಲೆಯಾಗಿ ಎಂಟು ದಿನವಾಗಿತ್ತು.

"ಹುಲ್ಲೇವಾಡಿ ಒಂದ ಉಳಿದೈತಿ ದಾದಾ," ಎಂದ. "ಇನ್ನೂರು ದನ ಇರಬೇಕು. ಬದಲಿ ಮನುಷ್ಯನ್ನ ಕೇಳೇನಿ, ಬರೂದಿಲ್ಲ ಅಂದಾರ. ನಾ ಏಳೂ ಹಂಗಿಲ್ಲ. ಆಗೈತಿ ಅಂತ ಸಹಿ ಮಾಡಿಬಿಡತೇನಿ. ನೀವೂ ಮಾಡ್ರಿ. ಯಾರೂ ಎಣಿಸಾಕ ಬರೂದಿಲ್ಲ."

ಸಹಿ ಮಾಡಬೇಕಾದ ಕಾಗದ ಅಲ್ಲೇ ದಿಂಬಿನ ಕೆಳಗಿತ್ತು. ಮಶಾಕಸಾಬ ಅದನ್ನು ತೊಡೆಯ ಮೇಲಿಟ್ಟುಕೊಂಡು ಜೇಬಿನಿಂದ ಪೆನ್ನು ತೆಗೆದ. ಸುಳ್ಳೇಕೆ ಹೇಳಬೇಕು, ಆಗ ಅವನಿಗೆ ಸಹಿ ಮಾಡುವ ಮನಸ್ಸಿತ್ತು. ಸಹಿ ಮಾಡಿದರೆ ಮನೆಗೆ ಹೋಗಿ ಮಲಗಬಹುದಿತ್ತು. ಹುಲ್ಲೇವಾಡಿ ಅವನಿಗೆ ಗೊತ್ತಿದ್ದ ಊರು. ಹಳ್ಳದ ಆಚೆ ದಂಡೆಯಲ್ಲೇ ಇದೆ, ಅದರ ದನಗಳು ಕಳ್ಳಕವಟಗಿಯ ದನಗಳೊಂದಿಗೆ ಒಂದೇ ಮಡುವಿನ ನೀರು ಕುಡಿಯುತ್ತವೆ. ಜತ್ತದಿಂದ ಎತ್ತು ನಡೆಸಿಕೊಂಡು ಬರುವವರು ಮೊದಲು ತಂಗುವುದೂ ಅಲ್ಲೇ. ಬ್ಯಾನಿ ಬರುವುದಾದರೆ ಆ ಬಾಗಿಲಿನಿಂದಲೇ ಬರಬೇಕು. ಅವನು ಪೆನ್ನನ್ನು ಮತ್ತೆ ಜೇಬಿಗೆ ಹಾಕಿದ.

"ಮೂರು ದಿನ ಬಿಟ್ಟು ಸಹಿ ಮಾಡೂಣು," ಎಂದು ಎದ್ದ.

ಬಾಪೂರಾವನಿಗೆ ಅರ್ಥವಾಯಿತು. "ಅದು ನಮ್ಮ ಸ್ಟೇಟ್ ಐತಿ ದಾದಾ. ನೀವು ಬಂದ್ರ ಇಬ್ಬರಿಗೂ ಕುತ್ತಿಗಿಗೆ ಬರತೈತಿ."

ಮನೆಯಲ್ಲಿ ಸಬೀರಾ ಕೂಡ ಅದನ್ನೇ ಕೇಳಿದಳು. "ನಿಮ್ಮ ಸಾಹೇಬ್ರಿಗೆ ಹೇಳೀರೇನು?"

"ಹೇಳಿದ್ರ ಬರದು ಕೇಳು ಅಂತಾರ. ಬರದು ಕೇಳಿದ್ರ ಉತ್ತರ ಬರೂದ್ರಾಗ ಮಳಿಗಾಲ ಬರತೈತಿ."

ಹುಲ್ಲೇವಾಡಿಗೆ ಹೋದ ಎರಡು ದಿನ ಅವನು ನಿಜಕ್ಕೂ ನಿಡೋಣಿಯಲ್ಲಿ ಇರಬೇಕಾಗಿತ್ತು. ಅಲ್ಲಿ ದನಗಳ ಗಂಟಲುಬ್ಬು ರೋಗಕ್ಕೆ ಸೂಜಿ ಹಾಕುವುದಿತ್ತು, ಡಂಗುರ ಕೂಡ ಸಾರಿಯಾಗಿತ್ತು. ನಿಡೋಣಿಯವರು ಮಧ್ಯಾಹ್ನದವರೆಗೆ ದನ ಹಿಡಿದು ನಿಂತು, ಬೈದು, ತಿರುಗಿ ಹೋದರೆಂದು ಆಮೇಲೆ ಗೊತ್ತಾಯಿತು.

ಮಶಾಕಸಾಬ ತನ್ನ ಬರ್ಫ, ತನ್ನ ಲಸಿಕೆ ಕಟ್ಟಿಕೊಂಡು ಹಳ್ಳ ದಾಟಿದ. ಹುಲ್ಲೇವಾಡಿಯವರು ಮನೆಯಲ್ಲಿ ಕನ್ನಡವನ್ನೇ ಆಡುವವರು. ಬಾಪೂರಾವ ಹಿಂದೊಮ್ಮೆ ಬಂದಾಗ ಅವನ ಮರಾಠಿಗೆ ಎಲ್ಲರೂ ತಲೆದೂಗಿ, ದನಗಳನ್ನು ಮಾತ್ರ ಅಡಗಿಸಿಟ್ಟಿದ್ದರು. ಮಶಾಕಸಾಬ ಅವರೆದುರು ಕೂತು, ತಾನು ಹತ್ತು ವರ್ಷದವನಿದ್ದಾಗ ಕಂಡದ್ದನ್ನು ಹೇಳಿದ. ಅದನ್ನು ಅವನು ಯಾರಿಗೂ ಹೇಳುವವನಲ್ಲ. ಹದಿಮೂರು ಎತ್ತುಗಳನ್ನು ಒಂದೊಂದಾಗಿ ಎಳೆದು ಕುಣಿಗೆ ಹಾಕಿದ್ದು, ಕಡೆಯದನ್ನು ಎಳೆಯುವಾಗ ಅದಕ್ಕಿನ್ನೂ ಜೀವವಿದ್ದದ್ದು. ಆ ಮೇಲೆ ದನಗಳು ಬಂದವು. ಮೊದಲ ದಿನ ನೂರಾ ಮೂವತ್ತು, ಮರುದಿನ ಎಂಬತ್ತೊಂದು. ಎಲ್ಲದರ ಎಡಗಿವಿಯಲ್ಲೂ ತೂತು.

ಕೊನೆಗೆ ಉಳಿದದ್ದು ಒಂದು ಎಮ್ಮೆ. ಊರ ಅಂಚಿನ ಒಂಟಿ ಮನೆಯ ಮುದುಕವ್ವನದು. ಗಂಡನಿಲ್ಲ, ಮಕ್ಕಳಿಲ್ಲ. ಎಮ್ಮೆ ಕರೆದು ಬೆಣ್ಣೆ ಕಡೆದು ಟಿಕೋಟಾದ ಸಂತೆಗೆ ಹೊತ್ತು ತರುತ್ತಿದ್ದ ಅವಳನ್ನು ಮಶಾಕಸಾಬ ಮುಖ ನೋಡಿ ಬಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡೋ ಯಪ್ಪಾ. ನಂದು ಗಬ್ಬ ಐತಿ."

"ಎಷ್ಟು ತಿಂಗಳಾತು ಬೇ?"

"ನನಗೇನ ಗೊತ್ತು? ಐದೋ, ಆರೋ. ನೀನ ನೋಡು."

ಮಶಾಕಸಾಬ ಎಮ್ಮೆಯ ಪಕ್ಕೆಗೆ ಅಂಗೈ ಒತ್ತಿ ನಿಂತ. ಒಳಗೆ ಕರು ಕಾಲು ಜಾಡಿಸಿದ್ದು ಕೈಗೆ ತಿಳಿಯಿತು. ಎಂಟು ತಿಂಗಳು, ಕಡಿಮೆಯಂತೂ ಇಲ್ಲ. ಇಷ್ಟು ತುಂಬಿದ ಗಬ್ಬಕ್ಕೆ ಸೂಜಿ ಹಾಕಬಾರದೆಂದು ಅವನಿಗೆ ಕಲಿಸಿದ್ದರು. ತಾನೂ ಎಷ್ಟೋ ಸಲ ಇಂಥವನ್ನು ಬಿಟ್ಟಿದ್ದ. ಆದರೆ ಈ ಸಲ ಸಹಿ ಮಾಡಬೇಕಾದ ಕಾಗದದಲ್ಲಿ 'ಉಳಿದವು' ಎಂಬಲ್ಲಿ ಸೊನ್ನೆ ಇರಬೇಕಿತ್ತು. ಒಂದು ಎಂದು ಬರೆದರೆ ಮತ್ತೊಂದು ಸಭೆ, ಮತ್ತೆ ಕಾಗದ, ಸಿದ್ದರಾಯನಂಥವರಿಗೆ ಮತ್ತೆರಡು ತಿಂಗಳು. ಕಲಸಿದ ಔಷಧ ಶೀಸೆಯ ತಳದಲ್ಲಿತ್ತು. ಭುಜ ಸಿಡಿಯುತ್ತಿತ್ತು. ಅವನು ಅಂದ:

"ನಾ ಅದೀನಿ ಬೇ. ಎರಡು ದಿನ ಮಂಕಾಗತೈತಿ, ಆಮ್ಯಾಲ ಏಳತೈತಿ."

ಮುದುಕವ್ವ ಅವನ ಮುಖ ನೋಡಿ ಬಾಗಿಲು ಬಿಟ್ಟಳು.

ಮೂರನೆಯ ದಿನ ಹೊರಸಿನ ಬದಿಗೆ ಕೂತು ಇಬ್ಬರೂ ಸಹಿ ಮಾಡಿದರು. ಫೆಬ್ರವರಿ ಮೊದಲ ವಾರ ನಾಕಾ ತೆರೆಯಿತು. ಸಿದ್ದರಾಯ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಜತ್ತಕ್ಕೆ ಹೊಡೆದುಕೊಂಡು ಹೋದ. ಮರಳಿ ಬರುವಾಗ ಒಂದು ಹೋರಿಗರು ತಂದ. ದವಾಖಾನೆಯ ಮುಂದೆ ನಿಂತು, "ನಾಕಾದಾಗ ಕಿವಿ ಅಷ್ಟ ನೋಡಿದ್ರು, ಕಾಗದ ಕೇಳಲೂ ಇಲ್ಲ," ಎಂದು ಹೇಳಿ ಹೋದ. ಮಶಾಕಸಾಬನಿಗೆ ಆ ದಿನ ಸ್ವಲ್ಪ ಹಗುರವೆನಿಸಿತು.

ಹತ್ತು ದಿನದ ಮೇಲೆ ಅದೇ ಸಿದ್ದರಾಯ ಸುದ್ದಿ ತಂದ. "ಹುಲ್ಲೇವಾಡಿ ಮುದುಕಿದು ಎಮ್ಮಿ ಕಂದು ಹಾಕಿತಂತ್ರಿ. ಎರಡೂ ಸತ್ತುವಂತ. ಎಮ್ಮಿನೂ, ಕರಾನೂ."

ಮಶಾಕಸಾಬ ಮರುದಿನ ಹೋದ. ಹೋಗುವಾಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಇನ್ನೂರಾ ಹನ್ನೊಂದು ದನ ಸುಖವಾಗಿವೆ ಎಂಬ ಮಾತೂ ಅದರಲ್ಲಿತ್ತು. ಮುದುಕವ್ವ ಬರಿದಾದ ಗೂಟದ ಬಳಿ ಕೂತು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಿದಳು.

"ಬಂದ್ಯಾ? ಈಗ ಚುಚ್ಚಾಕ ಏನೂ ಉಳಿದಿಲ್ಲ."

"ತಪ್ಪಾತು ಬೇ. ನನಗ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ಎಂಟು ತಿಂಗಳಾಗಿತ್ತು ಅಂತ."

ಅವಳ ಕೈ ಮೊರದಲ್ಲಿ ನಿಂತಿತು.

"ಗೊತ್ತಿದ್ದೂ ಚುಚ್ಚಿದಿ?"

"ಹೌದು."

"ಹಂಗಾದ್ರ ನೀ ಇನ್ನ ಹೋಗು."

ಅವನು ಹೊರಟ. ಇನ್ನೂರಾ ಹನ್ನೊಂದರ ಮಾತು ಬಾಯಿಗೆ ಬರಲಿಲ್ಲ. ಮನೆಗೆ ಬಂದು ಸಬೀರಾಗೆ ಎಲ್ಲವನ್ನೂ ಹೇಳಿದ. ಅವಳು ಎರಡು ದಿನ ಕಳೆದ ಮೇಲೆ ಹಾಲು ಹಿಂಡಿಕೊಂಡು ಬರುತ್ತ, "ನಮ್ಮ ಮಣಕ ಕೊಟ್ಟು ಬರ್ರಿ," ಎಂದಳು.

"ಅದು ನಿಂದು."

"ನಂದ ಐತಿ ಅಂತನ ಹೇಳಾಕತ್ತೇನಿ."

ಅವನು ಮಣಕಕ್ಕೆ ತಾನೇ ಸರ್ಟಿಫಿಕೇಟು ಬರೆದ. ಗಡಿ ದಾಟುವ ದನ, ಹೆಣ್ಣು, ಕಪ್ಪು, ಎರಡೂವರೆ ವರ್ಷ, ಎಡಗಿವಿಯಲ್ಲಿ ಗುರುತಿದೆ. ನಾಕಾದವನು ಕಾಗದ ತಿರುಗಿಸಿ ನೋಡಿ, ಕಿವಿ ಹಿಡಿದು ನೋಡಿ, ಹೋಗು ಎಂದು ಕೈ ಮಾಡಿದ. ವಿಜಾಪುರದ ಸಭೆಯಲ್ಲಿ ಆಡಿದ ಮಾತು ನಡೆದದ್ದನ್ನು ಮಶಾಕಸಾಬ ಕಣ್ಣಾರೆ ಕಂಡದ್ದು ಅದೇ ಮೊದಲು.

ಮುದುಕವ್ವ ಮಣಕವನ್ನು ಬಾಲದಿಂದ ಕೊಂಬಿನವರೆಗೆ ನೋಡಿದಳು.

"ಇದಕ್ಕ ಸೂಜಿ ಹಾಕೀಯೇನು?"

"ಹಾಕೇನಿ."

"ಹಂಗಾದ್ರ ಕಟ್ಟು ಅಲ್ಲಿ."

ಕಟ್ಟಿದ. ಅವಳು ಕೂಡು ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಅವನೂ ನಿಲ್ಲಲಿಲ್ಲ.

ಇದು ಅಲ್ಲಿಗೆ ಮುಗಿಯಿತೆಂದುಕೊಂಡಿದ್ದ. ಆದರೆ ಎಮ್ಮೆ ಸತ್ತ ವಾರವೇ ಹುಲ್ಲೇವಾಡಿಯ ಪೋಲೀಸ ಪಾಟೀಲ, ಕರ್ನಾಟಕದ ಮನುಷ್ಯನೊಬ್ಬ ಬಂದು ಸೂಜಿ ಚುಚ್ಚಿ ಎಮ್ಮೆ ಕೊಂದ ಎಂದು ಮೇಲಕ್ಕೆ ಬರೆದಿದ್ದ. ಮುದುಕವ್ವನಿಗೆ ಹೇಳಿ ಬರೆದನೋ ಹೇಳದೆಯೋ, ತಿಳಿಯದು. ಆ ಕಾಗದ ಆ ರಾಜ್ಯದಲ್ಲಿ ಕಚೇರಿಯಿಂದ ಕಚೇರಿಗೆ ಏರಿ, ಬೆಂಗಳೂರಿಗೆ ಇಳಿದು, ಏಳು ತಿಂಗಳ ಮೇಲೆ ವಿಜಾಪುರಕ್ಕೆ ಬಂತು. ನಿಡೋಣಿಯವರ ತಕರಾರು ಅದಕ್ಕೂ ಮೊದಲೇ ಬಂದು ಕೂತಿತ್ತು. ಮಶಾಕಸಾಬನನ್ನು ಕರೆಸಿದರು. ಪಾಟೀಲನ ಮರಾಠಿ ಕೈಬರಹ ಕಚೇರಿಯಲ್ಲಿ ಯಾರಿಗೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಸಾಹೇಬರು ಸ್ವಲ್ಪ ಹೊತ್ತು ತಿಣುಕಿ, ಕಾಗದವನ್ನು ಅವನ ಕೈಗೇ ಕೊಟ್ಟರು.

"ನೀನ ಓದಪಾ."

ಅವನು ನಿಂತುಕೊಂಡು ತನ್ನ ಮೇಲಿನ ದೂರನ್ನು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದ. ಗುಮಾಸ್ತ ಬರೆದುಕೊಂಡ. ಎಲ್ಲಿಯೂ ಒಂದು ಮಾತು ಬಿಡಲಿಲ್ಲ, ಮೆದು ಮಾಡಲಿಲ್ಲ.

ಸಾಹೇಬರು ಕೆಟ್ಟವರಲ್ಲ. ಅವರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಮಶಾಕಸಾಬ, ಗಬ್ಬ ಎಷ್ಟು ತುಂಬೈತಿ ಅಂತ ಆ ಮುದುಕಿ ಸರಿಯಾಗಿ ಹೇಳಲಿಲ್ಲ ಅಂತ ಬರೀಲೇನು?"

"ಬ್ಯಾಡ್ರಿ. ನಾ ಮುಟ್ಟಿ ನೋಡಿದ್ನಿ. ನನಗ ತಿಳಿದಿತ್ತು."

"ಹಂಗ ಬರದ್ರ ನಿನಗ ತೊಂದರಿ ಆಗತೈತಿ."

"ಆಗಲ್ರಿ."

"ಆ ಕಡೆ ಯಾಕ ಹೋದಿ? ನಿನಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ರಿ. ಪಟ್ಟಿಯೊಳಗ ಒಂದು ಊರು ಉಳಿದಿತ್ತು."

ಸಾಹೇಬರು ಅದನ್ನು ಹಾಗೇ ಬರೆಸಿದರು. ತಿಂಗಳ ನಂತರ ಹುಕುಂ ಬಂತು. ಅದರಲ್ಲಿ ಎಮ್ಮೆಯ ಮಾತು ಒಂದು ಸಾಲು. ಅನುಮತಿಯಿಲ್ಲದೆ ಪರರಾಜ್ಯದಲ್ಲಿ ಪ್ರವೇಶಿಸಿ ಈ ರಾಜ್ಯದ ಲಸಿಕೆಯನ್ನು ಅಲ್ಲಿಯ ದನಗಳಿಗೆ ಬಳಸಿದ್ದರ ಬಗ್ಗೆ ಒಂಬತ್ತು ಸಾಲು. ಅವನನ್ನು ಗಡಿಯಿಂದ ತೆಗೆದು ವಿಜಾಪುರದ ಔಷಧ ಕೋಣೆಗೆ ಹಾಕಿದ್ದರು. ಮುದುಕವ್ವನಿಗೆ ಪರಿಹಾರ ಯಾವ ಸರಕಾರ ಕೊಡಬೇಕೆಂಬುದು ಮಾತ್ರ ಕೊನೆಗೂ ತೀರ್ಮಾನವಾಗಲಿಲ್ಲ.

ದಿನಾ ಟಿಕೋಟಾದಿಂದ ಬಸ್ಸಿಗೆ ಹೋಗಿ ಬರುವ ಕೆಲಸವಾಯಿತು. ಔಷಧ ಕೋಣೆಗೆ ಕಿಟಕಿಯಿರಲಿಲ್ಲ. ಹತ್ತಿ, ಸೂಜಿ, ಅಯೊಡಿನ್ ಶೀಸೆ ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಭುಜಕ್ಕೆ ವಿಶ್ರಾಂತಿ ಸಿಕ್ಕಿತು ಎಂದು ಸಬೀರಾಗೆ ಸಮಾಧಾನ. ಅವನಿಗೆ ಮಾತ್ರ ಕೂತು ಕೂತು ಹೆಚ್ಚು ದಣಿವಾಗುತ್ತಿತ್ತು. ದನ ಮುಟ್ಟದೆ ಇಡೀ ದಿನ ಕಳೆಯುವುದು ಅವನಿಗೆ ಗೊತ್ತಿರಲಿಲ್ಲ. ಬಸ್ಸಿನ ಕಿಟಕಿಯಿಂದ ದಾರಿಯ ದನಗಳ ಎಡಗಿವಿ ನೋಡುತ್ತ ಬರುತ್ತಿದ್ದ.

ಮುಂದಿನ ಎರಡು ವರ್ಷ ಗಡಿಯ ಆ ಪಟ್ಟಿಯಲ್ಲಿ ಬ್ಯಾನಿ ಕಾಣಿಸಲಿಲ್ಲ. ಎಪ್ಪತ್ತೇಳರಲ್ಲಿ ಎರಡೂ ರಾಜ್ಯಗಳ ಒಪ್ಪಂದವನ್ನು ಮತ್ತೆ ಬರೆದರು. ಅದರ ಪ್ರತಿಗಳು ದವಾಖಾನೆಗಳಿಗೆಲ್ಲ ಹೋಗಬೇಕಿತ್ತು. ಲಕೋಟೆಗೆ ಹಾಕುವ ಕೆಲಸ ಮಶಾಕಸಾಬನಿಗೆ ಬಂತು. ಹಾಕುವಾಗ ಒಂದನ್ನು ಓದಿದ. ಆರನೆಯ ಕಲಮಿನಲ್ಲಿ ಹೀಗಿತ್ತು: ಒಂದು ರಾಜ್ಯದ ಸಿಬ್ಬಂದಿ ಕಾಯಿಲೆ ಮುಂತಾದ ಕಾರಣಕ್ಕೆ ಕೆಲಸ ಮಾಡಲಾಗದಿದ್ದಾಗ ಇನ್ನೊಂದು ರಾಜ್ಯದ ಸಿಬ್ಬಂದಿ ಐದು ಮೈಲಿನವರೆಗೆ ಗಡಿ ದಾಟಿ ಲಸಿಕೆ ಹಾಕಬಹುದು, ನಂತರ ಎರಡೂ ಕಚೇರಿಗೆ ತಿಳಿಸಿದರೆ ಸಾಕು. ಏಳನೆಯದು: ತುಂಬು ಗಬ್ಬದ ದನಗಳನ್ನು 'ಉಳಿದವು' ಎಂಬ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಅವನು ಏಳನೆಯದನ್ನು ಎರಡು ಸಲ ಓದಿದ. ಆಮೇಲೆ ಅದನ್ನೂ ಮಡಚಿ, ಬಬಲೇಶ್ವರದ ಲಕೋಟೆಗೆ ಹಾಕಿ ಅಂಟಿಸಿದ.

ಮರುವರ್ಷ ಮತ್ತೊಂದು ಸಭೆಯಾಯಿತು. ಬಾಪೂರಾವ ಬಂದಿದ್ದ, ಕೂದಲು ನರೆತಿತ್ತು. ಒಳಗೆ ಸಾಹೇಬರು ಮಾತಾಡುತ್ತಿರುವಾಗ ಇಬ್ಬರೂ ಸ್ಟೇಶನ್ ರಸ್ತೆಯ ಖಾನಾವಳಿಯಲ್ಲಿ ಊಟಕ್ಕೆ ಕೂತರು. ಬಾಪೂರಾವನಿಗೆ ಈಗ ಕನ್ನಡ ಬರುತ್ತಿತ್ತು.

"ನಿಮ್ಮ ಮಣಕ ಎರಡು ಸಲ ಈದೈತಿ ದಾದಾ," ಎಂದ. "ಮುದುಕವ್ವ ಬೆಣ್ಣಿ ಮಾರಾಕ ಟಿಕೋಟಾಕ್ಕ ಬರೂದು ಬಿಟ್ಟಾಳ. ಈಗ ಜತ್ತಕ್ಕ ಹೋಗತಾಳ."

"ಸೂಜಿ ಹಾಕಿಸ್ಕೋತಾಳೇನು?"

"ಹಾಕಿಸ್ಕೋತಾಳ. ನಾ ಹೋದ್ರ ಮೊದಲು ಹೊಟ್ಟಿ ಮುಟ್ಟಿಸಿ, ಎಷ್ಟು ತಿಂಗಳು ಅಂತ ನನ್ನ ಬಾಯಿಂದ ಹೇಳಿಸಿ, ಆಮ್ಯಾಲ ಬಾಗಿಲು ಬಿಡತಾಳ."

ಮಶಾಕಸಾಬ ಮುರಿದ ರೊಟ್ಟಿಯನ್ನು ತಟ್ಟೆಯ ಅಂಚಿಗಿಟ್ಟ. ಬಾಪೂರಾವನಿಗೆ ತಾನು ಏನೋ ತಪ್ಪಿ ಆಡಿದೆನೇನೋ ಅನ್ನಿಸಿ, "ಒಮ್ಮೆ ಬರ್ರಿ ಆ ಕಡೆ," ಎಂದ.

"ಇನ್ನ ಒಂದ ವರ್ಷ ಐತಿ ನೌಕರಿ. ಮುಗೀಲಿ, ನೋಡೂಣು," ಎಂದ ಮಶಾಕಸಾಬ. ಹೋಗುವ ಮನಸ್ಸಿತ್ತೋ ಇಲ್ಲವೋ, ಅವನ ದನಿಯಿಂದ ಗೊತ್ತಾಗಲಿಲ್ಲ.

ಕೈತೊಳೆದು ಹೊರಗೆ ಬಂದರು. ಬಿಸಿಲು ಬಹಳವಿತ್ತು. ಸಭೆ ಮುಗಿದು ಆ ಕಡೆಯ ಸಾಹೇಬರ ಜೀಪು ಹೊರಟಿತ್ತು. ಬಾಪೂರಾವ ಓಡಿ ಹೋಗಿ ಹಿಂದೆ ಹತ್ತಿಕೊಂಡ, ಕೈ ಬೀಸಿದ. ಮಶಾಕಸಾಬ ಎಡಗೈ ಎತ್ತಿದ. ಆಮೇಲೆ ಗೋಡೆಯ ನೆರಳು ಹಿಡಿದು ನಿಧಾನವಾಗಿ ಔಷಧ ಕೋಣೆಯ ಕಡೆ ನಡೆದ. ನಾಲ್ಕು ಗಂಟೆಗೆ ಅರಕೇರಿಯ ದವಾಖಾನೆಯಿಂದ ಒಬ್ಬರು ಹತ್ತಿ, ಸೂಜಿ ತೆಗೆದುಕೊಂಡು ಹೋಗಲು ಬರುವುದಿತ್ತು.